ಪದ ಬೇಕು, ಸಂಜೆಯೊಳಗೆ: ಮಂಜುಗಡ್ಡೆಯ ಕೆಳಗೆ ಬೆಳೆಯುವ ‘ಮ್ಯಾಟ್’

ತೀರ್ಥಹಳ್ಳಿಯಿಂದ, ಬೆಳಗ್ಗೆ 8.40

ಬಲ್ಲವರಲ್ಲಿ ವಿನಂತಿ. ನಮ್ಮ ಪ್ರೌಢಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅಂಟಾರ್ಕ್ಟಿಕಾದ ಸರೋವರಗಳ ಕುರಿತು ಒಂದು ಫಲಕ ಬರೆಯುತ್ತಿದ್ದೇನೆ. ಮುದ್ರಿಸುವ ಅಂಗಡಿ ಶಿವಮೊಗ್ಗದಲ್ಲಿದೆ. ಸಂಜೆ ಐದರೊಳಗೆ ಬರಹ ಕೈಸೇರದಿದ್ದರೆ ನಾಳೆಗೆ ಫಲಕವಿಲ್ಲ ಎಂದಿದ್ದಾರೆ.

ವಿಷಯ ಇಷ್ಟು. ಮೆಕ್‌ಮರ್ಡೊ ಒಣ ಕಣಿವೆಗಳಲ್ಲಿ ಬಾನಿ, ಹೋರ್, ಫ್ರಿಕ್ಸೆಲ್, ವಾಂಡಾ ಎಂಬ ಸರೋವರಗಳಿವೆ. ವರ್ಷವಿಡೀ ಮೇಲೆ ಮೂರರಿಂದ ಐದು ಮೀಟರ್ ದಪ್ಪದ ಮಂಜುಗಡ್ಡೆ. ಬಾನಿಯಲ್ಲಿ, ಮೇಲೆ ಬಿದ್ದ ಬೆಳಕಿನ ನೂರು ಪಾಲಿನಲ್ಲಿ ಒಂದರಿಂದ ಮೂರು ಪಾಲು ಮಾತ್ರ ಕೆಳಗಿನ ನೀರಿಗೆ ಇಳಿಯುತ್ತದೆ. ಚಳಿಗಾಲದಲ್ಲಿ ಸುಮಾರು ನಾಲ್ಕು ತಿಂಗಳು ಸೂರ್ಯ ಮೂಡುವುದೇ ಇಲ್ಲ. ಇಷ್ಟಾದರೂ ಇಂಥ ಸರೋವರಗಳ ತಳದಲ್ಲಿ ಸಯನೋಬ್ಯಾಕ್ಟೀರಿಯಾಗಳು ಪದರ ಪದರವಾಗಿ ಹರಡಿಕೊಂಡು ದ್ಯುತಿಸಂಶ್ಲೇಷಣೆ ನಡೆಸುತ್ತವೆ. ಆ ಪದರಕ್ಕೆ ಇಂಗ್ಲಿಷಿನಲ್ಲಿ ಮೈಕ್ರೋಬಿಯಲ್ ಮ್ಯಾಟ್ ಎಂಬ ಹೆಸರು. ನಾನು ‘ಸೂಕ್ಷ್ಮಜೀವಿ ಚಾಪೆ’ ಎಂದು ಬರೆದಿದ್ದೆ. ಮುಖ್ಯೋಪಾಧ್ಯಾಯರು ಓದಿ, “ಅವು ಮಲಗುವುದಕ್ಕೋ?” ಎಂದು ಕೇಳಿದರು. ಫಲಕದ ತಲೆಬರಹ ‘ಮಂಜು ಮುಚ್ಚಿದ ಸರೋವರದಲ್ಲಿ’ ಎಂದು ಆರಂಭವಾಗುತ್ತದೆ. ಎಂಟನೆಯ ತರಗತಿಯವರಿಗೆ ಓದಿದೊಡನೆ ತಿಳಿಯುವ ಪದ ಬೇಕು.

ಶಿವಮೊಗ್ಗದಿಂದ, 9.05

ಅರಿಸಮಾಸ. ಸೂಕ್ಷ್ಮಜೀವಿ ಸಂಸ್ಕೃತ, ಚಾಪೆ ದೇಶ್ಯ. ‘ಸೂಕ್ಷ್ಮಜೀವಿಸ್ತರ’ ಎಂದು ಬರೆಯಿರಿ.

ಸಾಗರದಿಂದ, 9.22

ಅರಿಸಮಾಸವೆಂಬ ಕೋಲು ಹಿಡಿದು ಎಲ್ಲರನ್ನೂ ಗದರಿಸುವ ರಾಯರಿಗೆ ಒಂದೇ ಪ್ರಶ್ನೆ: ‘ದಿನಗೂಲಿ’ಯನ್ನು ಏನು ಮಾಡುತ್ತೀರಿ? ತೋಟದ ಕೆಲಸ ಮುಗಿಸಿ ಬಂದವನಿಗೆ ‘ನಿನ್ನದು ಅರಿಸಮಾಸ’ ಎಂದು ಬರಿಗೈಯಲ್ಲಿ ಕಳಿಸುತ್ತೀರಾ?

ಮೇಡಂ, ‘ಪಾಚಿಹಾಸು’ ಎನ್ನಿ. ಎರಡೂ ನಮ್ಮವೇ. ಹಾಗೆಯೇ ಆ ದ್ಯುತಿಸಂಶ್ಲೇಷಣೆಯನ್ನೂ ಕೈಬಿಡಿ. ನಾಲಗೆ ಹೊರಳದ ಆ ಪದವನ್ನು ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆದು ಮರುದಿನ ಮರೆಯುತ್ತಾರೆ. ‘ಬೆಳಕಡುಗೆ’ ಎಂದರೆ ಸಾಕು. ಸರೋವರವೂ ಬೇಡ, ಕೆರೆ ಇದೆ.

ಶಿವಮೊಗ್ಗದಿಂದ, 9.31

ಬೆಳಕಡುಗೆಯಲ್ಲಿ ಬೆಳಕಿನಿಂದ ಅಡುಗೆಯೋ, ಬೆಳಕಿನದೇ ಅಡುಗೆಯೋ? ತೃತೀಯೆಯೋ ಷಷ್ಠಿಯೋ ಹೇಳಿ, ಆಮೇಲೆ ಬಡಿಸಿ. ಲೇಕ್ ವಾಂಡಾಕ್ಕೆ ಏರಿ ಎಲ್ಲಿದೆ, ತೂಬು ಎಲ್ಲಿದೆ? ಓನಿಕ್ಸ್ ಎಂಬ ಹೊಳೆ ಒಳಗೆ ಹರಿಯುತ್ತದೆ, ಹೊರಗೆ ಹೋಗುವ ದಾರಿಯಿಲ್ಲ. ಕೋಡಿಯೇ ಇಲ್ಲದ್ದನ್ನು ಕೆರೆ ಎಂದು ನಮ್ಮ ಕಡೆಯ ಯಾವ ರೈತನೂ ಒಪ್ಪುವುದಿಲ್ಲ.

ಹೊಸನಗರದಿಂದ, 10.15

ಸಮಾಸ ಒತ್ತಟ್ಟಿಗಿರಲಿ. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು. ‘ಪಾಚಿ’ ಇಲ್ಲಿ ನಿಲ್ಲುವುದಿಲ್ಲ. ಸಯನೋಬ್ಯಾಕ್ಟೀರಿಯಾ ಬ್ಯಾಕ್ಟೀರಿಯಾಗಳ ಗುಂಪಿಗೆ ಸೇರಿದ್ದು. ಪಠ್ಯಪುಸ್ತಕದ ‘ನೀಲಿ-ಹಸಿರು ಪಾಚಿ’ ಹಳೆಯ ವಾಡಿಕೆ, ಅದನ್ನು ಕ್ಷಮಿಸಬಹುದು. ಆದರೆ ಪಾಚಿ ಎಂದೊಡನೆ ಓದುವವನ ಕಣ್ಣಿಗೆ ಹಸಿರು ಬರುತ್ತದೆ. ಅಲ್ಲಿನ ಮ್ಯಾಟ್ ಎಷ್ಟೋ ಕಡೆ ಹಸಿರಾಗಿಯೇ ಇಲ್ಲ, ನೇರಳೆ, ಗುಲಾಬಿ ಕಂದು ಬಣ್ಣದ್ದು. ಫಲಕದಲ್ಲಿ ಹೇಳಬೇಕಾದ ಸ್ವಾರಸ್ಯವೇ ಅದು.

ನಮ್ಮ ಅಡಿಕೆ ತೋಟದ ನೆರಳನ್ನು ನೆನೆದುಕೊಳ್ಳಿ. ಮೇಲಿನ ಎಲೆಗಳು ಕೆಂಪು, ನೀಲಿ ಬೆಳಕನ್ನು ತಾವು ಉಂಡು ಹಸಿರನ್ನು ಕೆಳಗಿನ ಏಲಕ್ಕಿಗೆ ಬಿಡುತ್ತವೆ. ಮಂಜುಗಡ್ಡೆ ಮತ್ತು ನೀರಿನ ನೆರಳು ಬೇರೆ. ಅಲ್ಲಿ ಕೆಂಪು ಮೊದಲು ಕರಗುತ್ತದೆ, ಆಳಕ್ಕೆ ಮುಟ್ಟುವುದು ನೀಲಿ ಮತ್ತು ಹಸಿರು. ಕ್ಲೋರೋಫಿಲ್ ಹಸಿರನ್ನು ಅಷ್ಟಾಗಿ ಹಿಡಿಯಲಾರದು. ಅದಕ್ಕೇ ಆ ಸಯನೋಬ್ಯಾಕ್ಟೀರಿಯಾಗಳು ಫೈಕೋಎರಿಥ್ರಿನ್ ಎಂಬ ಕೆಂಪು ವರ್ಣಕವನ್ನು ಇಟ್ಟುಕೊಂಡಿವೆ. ಅದು ಹಸಿರು ಬೆಳಕನ್ನು ಹಿಡಿದು, ಅದರ ಶಕ್ತಿಯನ್ನು ಕ್ಲೋರೋಫಿಲ್‌ಗೆ ದಾಟಿಸುತ್ತದೆ. ಹಸಿರನ್ನು ಉಣ್ಣುವುದು ಹಸಿರಾಗಿ ಹೇಗೆ ಕಂಡೀತು?

ಬಾನಿಯಲ್ಲಿ ಹದಿನೇಳು ಮೀಟರ್ ಆಳದಿಂದ ತೆಗೆದ ಒಂದು ಕ್ಲಾಮಿಡೋಮೊನಾಸ್ ಇದೆ, ಅದು ನಿಜವಾದ ಪಾಚಿ. ಸಾಮಾನ್ಯ ಪಾಚಿಗಳು ಬೆಳಕಿನ ಬಣ್ಣ ಬದಲಾದಾಗ ಹಿಡಿದ ಶಕ್ತಿಯನ್ನು ಎರಡು ದ್ಯುತಿವ್ಯವಸ್ಥೆಗಳ, ಅಂದರೆ ಬೆಳಕನ್ನು ಹಿಡಿದು ಬಳಸುವ ಎರಡು ಘಟಕಗಳ, ನಡುವೆ ಹಂಚಿ ಸರಿದೂಗಿಸುತ್ತವೆ. ಇದಕ್ಕೆ ಆ ಅಭ್ಯಾಸವೇ ತಪ್ಪಿಹೋಗಿದೆ. ಅಷ್ಟು ಆಳದಲ್ಲಿ ಬೆಳಕಿನ ಬಣ್ಣ ಬದಲಾಗುವುದು ಎಲ್ಲಿಂದ ಬಂತು? ಫಲಕದಲ್ಲಿ ಜಾಗವಿದ್ದರೆ ಹಾಕಿ, ಇಲ್ಲದಿದ್ದರೆ ಬೇಡ.

ತಲೆಬರಹದ ‘ಮಂಜು’ ತಿದ್ದಿಕೊಳ್ಳಿ. ಆಗುಂಬೆಯ ಹುಡುಗನಿಗೆ ಮಂಜು ಎಂದರೆ ಬೆಳಗ್ಗೆ ಘಾಟಿಯಲ್ಲಿ ದಾರಿ ಕಾಣದಂತೆ ಮಾಡುವುದು. ‘ಮಂಜುಗಡ್ಡೆ’ ಎಂದೇ ಇರಲಿ. ‘ಹಿಮ’ವೂ ಆಗದು. ಹಿಮ ದಪ್ಪವಾಗಿ ಕೂತರೆ ಬೆಳಕು ಅಲ್ಲಿಯೇ ಚದುರಿ ಹಿಂತಿರುಗುತ್ತದೆ. ಆ ಕಣಿವೆಗಳಲ್ಲಿ ಹಿಮ ಬೀಳುವುದು ಕಡಿಮೆ, ಬಿದ್ದದ್ದನ್ನೂ ಗಾಳಿ ಗುಡಿಸುತ್ತದೆ. ಗಡ್ಡೆ ಬರಿಮೈಯಲ್ಲಿರುವುದರಿಂದಲೇ ಕೆಳಗಿನವಕ್ಕೆ ಊಟ.

ಶಿವಮೊಗ್ಗದಿಂದ, 10.40

ಮೇಷ್ಟ್ರ ವಿಜ್ಞಾನ ಸರಿಯಿರಬಹುದು. ಆದರೆ ಪಾಚಿ ಹೋಗಬೇಕಾದದ್ದು ಬೇರೆ ಕಾರಣಕ್ಕೆ. ಅದು ಕನ್ನಡವೇ ಅಲ್ಲ. ಹಳಗನ್ನಡದ ಪಾಲ್ ಹಾಲಾಯಿತು, ಪಾವು ಹಾವಾಯಿತು, ಪಸುರ್ ಹಸಿರಾಯಿತು. ಪಾಚಿ ನಮ್ಮದಾಗಿದ್ದರೆ ‘ಹಾಚಿ’ ಆಗಿರಬೇಕಿತ್ತು. ತೆಲುಗಿನಲ್ಲಿ ಪಾಚಿ, ತಮಿಳಿನಲ್ಲಿ ಪಾಸಿ. ಆಮದು ಮಾಲು. ಸಂಸ್ಕೃತದಿಂದ ಪಡೆದರೆ ಪಾಪ, ತೆಲುಗಿನಿಂದ ಪಡೆದರೆ ಪುಣ್ಯವೇ?

ಸಾಗರದಿಂದ, 10.52

ಹಾಗಾದರೆ ಪಡೆ ಯಾವ ಊರಿನ ಸಾಲ? ಪಚ್ಚೆ ಯಾರ ಮನೆಯ ಸೊತ್ತು? ಪಕಾರ ಹಕಾರವಾಗುವುದು ವ್ಯಾಕರಣದ ಸೂತ್ರ, ಪೊಲೀಸ್ ಆಜ್ಞೆಯಲ್ಲ.

ಬೆಂಗಳೂರಿನಿಂದ (ಮೂಲ ಕೊಪ್ಪ), 11.10

ಹೀಗೇ ಜಗಳವಾಡುತ್ತಿದ್ದರೆ ಅಂಗಡಿ ಮುಚ್ಚುತ್ತದೆ. ‘ಮ್ಯಾಟ್’ ಎಂದೇ ಹಾಕಿ. ಬಸ್, ಬೆಂಚು, ಕಾಫಿ ಬಂದಾಗ ಕನ್ನಡ ಸತ್ತಿತೇ? ಇಷ್ಟಕ್ಕೂ ‘ಅಂಟಾರ್ಕ್ಟಿಕಾ’ ಕನ್ನಡವೇ?

ಸಾಗರದಿಂದ, 11.14

ಕಾಫಿಗೆ ಮೊದಲು ಇಲ್ಲಿ ಕಾಫಿ ಇರಲಿಲ್ಲ. ಹಾಸುವುದಕ್ಕೆ ಮೊದಲು ಇಲ್ಲಿ ನೆಲ ಇರಲಿಲ್ಲವೇ?

ಕೊಪ್ಪದಿಂದ, 12.30

ಅಡುಗೆ ಮುಗಿಸಿ ಈಗ ಓದಿದೆ. ಇಷ್ಟು ದೊಡ್ಡವರಲ್ಲಿ ಯಾರಿಗೂ ‘ಹಾವಸೆ’ ನೆನಪಾಗಲಿಲ್ಲವೆಂಬುದೇ ನನಗೆ ಸೋಜಿಗ. ಮಳೆಗಾಲ ಹಿಡಿಯುತ್ತಿದ್ದಂತೆ ಅಂಗಳದಲ್ಲಿ ಹಾವಸೆ ಕಟ್ಟುತ್ತದೆ. ಜಾರಬಾರದೆಂದು ಅಡಿಕೆ ಸೋಗೆ ಹಾಸುತ್ತೇವೆ. ನಮ್ಮತ್ತೆ ಬಾವಿಕಟ್ಟೆಯ ಮೇಲಿನ ಕಪ್ಪು ಲೋಳೆಗೂ ಹಾವಸೆ ಎನ್ನುತ್ತಿದ್ದರು, ಕಲ್ಲಿನ ಮೇಲಿನ ಹಸಿರಿಗೂ ಹಾವಸೆ ಎನ್ನುತ್ತಿದ್ದರು. ಅವರಿಗೆ ಬಣ್ಣ ಲೆಕ್ಕಕ್ಕಿರಲಿಲ್ಲ, ಕಾಲು ಜಾರಿತೇ ಇಲ್ಲವೇ ಎಂಬುದಷ್ಟೇ.

ಇನ್ನೊಂದು ಮಾತು. ನಮ್ಮ ತೋಟದ ಕೆರೆಯಲ್ಲಿ ತಳದ ಹಾವಸೆ ಮಧ್ಯಾಹ್ನದ ಬಿಸಿಲಿಗೆ ಗುಳ್ಳೆ ಕಟ್ಟಿಕೊಂಡು ಮೇಲೇಳುತ್ತದೆ. ಅಂಟಾರ್ಕ್ಟಿಕಾದಲ್ಲಿ ಹಾಗೇನಾದರೂ ಉಂಟೇ ಮೇಷ್ಟ್ರೇ?

ಹೊಸನಗರದಿಂದ, 1.05

ಉಂಟಮ್ಮಾ! ಒಳ್ಳೆಯ ಪ್ರಶ್ನೆ ಕೇಳಿದಿರಿ. ಲೇಕ್ ಹೋರ್‌ನಲ್ಲಿ ಮ್ಯಾಟ್ ತಾನು ಬಿಟ್ಟ ಆಮ್ಲಜನಕದ ಗುಳ್ಳೆಗಳಿಂದಲೇ ಹಗುರಾಗಿ, ಹರಿದು, ಮೇಲಕ್ಕೆ ತೇಲುತ್ತದೆ. ತೇಲಿದ್ದು ಮಂಜುಗಡ್ಡೆಯ ಅಡಿಗೆ ಅಂಟಿ ಹೆಪ್ಪುಗಟ್ಟುತ್ತದೆ. ಗಡ್ಡೆ ಮೇಲ್ಗಡೆ ಸವೆಯುತ್ತದೆ, ಕೆಳಗಡೆ ಹೊಸದಾಗಿ ಕಟ್ಟುತ್ತದೆ. ಹೀಗಾಗಿ ಆ ತುಂಡು ವರ್ಷಗಳ ಮೇಲೆ ಮೀಟರುಗಟ್ಟಲೆ ಗಡ್ಡೆಯನ್ನು ದಾಟಿ ಮೇಲ್ಮೈಗೆ ಬಂದು, ಒಣಗಿ, ಗಾಳಿಗೆ ಹಾರಿಹೋಗುತ್ತದೆ. ‘ಸ್ತರ’ ಎಂದವರು ಇದನ್ನು ಕೇಳಬೇಕು. ಸ್ತರ ಹರಿದು ಹಾರುವುದನ್ನು ನಾನು ಕಂಡಿಲ್ಲ.

ನಿಮ್ಮತ್ತೆಯವರ ಕಪ್ಪು ಲೋಳೆಯಲ್ಲೂ ಇರುವುದು ಸಯನೋಬ್ಯಾಕ್ಟೀರಿಯಾಗಳೇ. ಅವರು ಸೂಕ್ಷ್ಮದರ್ಶಕವಿಲ್ಲದೆಯೇ ಸರಿಯಾಗಿ ಹೆಸರಿಟ್ಟಿದ್ದರು. ನನ್ನ ಮತ ‘ಹಾವಸೆಹಾಸು’.

ಶಿವಮೊಗ್ಗದಿಂದ, 1.20

ಹಾವಸೆಗೆ ಹಳಗನ್ನಡದಲ್ಲಿ ಪಾವಸೆ. ಪ ಹೋಗಿ ಹ ಬಂದಿದೆ, ಸೂತ್ರಕ್ಕೆ ತಕ್ಕ ಪದ. ಒಪ್ಪಿದೆ. ಆದರೆ ಇದು ಪಾಚಿ ಕನ್ನಡವಲ್ಲವೆಂಬ ನನ್ನ ವಾದಕ್ಕೇ ಸಾಕ್ಷಿ ಎಂಬುದನ್ನು ಸಾಗರದವರು ಗಮನಿಸಬೇಕು.

ಸಾಗರದಿಂದ, 1.24

ಗಮನಿಸಿದೆ. ಒಪ್ಪಿಲ್ಲ. ಹಾವಸೆ ‘ಹಾಸು’ವಿನಿಂದಲೇ ಬಂದಿರಬೇಕು, ಆಗ ‘ಹಾವಸೆಹಾಸು’ ದ್ವಿರುಕ್ತಿಯಾಗುತ್ತದೆ. ಬರೀ ಹಾವಸೆ ಸಾಕು.

ಶಿವಮೊಗ್ಗದಿಂದ, 1.26

ಹಾಸುವಿನಿಂದ ಹಾವಸೆ! ನಡುವಿನ ವಕಾರ ಯಾರ ತೋಟದಿಂದ ಬಂತು? ಇಂಥ ನಿಷ್ಪತ್ತಿಗೆ ಉತ್ತರ ಬರೆಯುವುದಿಲ್ಲ.

ತೀರ್ಥಹಳ್ಳಿಯಿಂದ, 3.50

ಎಲ್ಲರಿಗೂ ವಂದನೆ. ತಲೆಬರಹ ಹೀಗೆ ಕಳಿಸಿದ್ದೇನೆ: ‘ಮಂಜುಗಡ್ಡೆಯ ಅಡಿಯಲ್ಲಿ ಹಾವಸೆಹಾಸು’. ತರಗತಿಯ ಇಬ್ಬರು ಹುಡುಗಿಯರಿಗೆ ಓದಿ ತೋರಿಸಿದೆ, “ನಮ್ಮ ಅಂಗಳದ್ದೇ ಅಲ್ಲವೇ ಮೇಡಂ?” ಎಂದರು. ದ್ಯುತಿಸಂಶ್ಲೇಷಣೆ ಪಠ್ಯದಲ್ಲಿರುವುದರಿಂದ ಹಾಗೆಯೇ ಉಳಿಸಿದ್ದೇನೆ. ಸಾಗರದವರು ಮನ್ನಿಸಬೇಕು. ಫೈಕೋಎರಿಥ್ರಿನ್ ಒಂದು ಸಾಲಿನಲ್ಲಿ ಬಂದಿದೆ, ಬಾನಿಯ ಪಾಚಿಗೆ ಜಾಗ ಸಾಲಲಿಲ್ಲ.

ತೀರ್ಥಹಳ್ಳಿಯಿಂದ, 4.35

ಅಂಗಡಿಯಿಂದ ಕರಡು ಬಂತು. ಹಾವಸೆ ಎಂಬ ಪದ ಅಲ್ಲಿ ಯಾರಿಗೂ ಗೊತ್ತಿಲ್ಲವಂತೆ, ಬೆರಳಚ್ಚಿನ ತಪ್ಪೆಂದು ತಾವೇ ತಿದ್ದಿದ್ದಾರೆ: ‘ಮಂಜುಗಡ್ಡೆಯ ಅಡಿಯಲ್ಲಿ ಹಾವಿನ ಹಾಸು’. ಫೋನ್ ಮಾಡಿ ಒಂದೊಂದೇ ಅಕ್ಷರ ಹೇಳಿ ಬರೆಸಿದ್ದೇನೆ.

ಶಿವಮೊಗ್ಗದಿಂದ, 4.41

ಅಂಗಡಿ ಯಾವ ಬೀದಿಯಲ್ಲಿದೆ ತಿಳಿಸಿ. ನಾನು ಹೋಗಿ ನಿಂತು ನೋಡಿ ಬರುತ್ತೇನೆ.