‘ಎಲ್ಲರೂ ಸಮಾನರು’: ಅಮೆರಿಕದ ಸಂವಿಧಾನದ್ದಾ, ಘೋಷಣೆಯದ್ದಾ?

ಪ್ರಶ್ನೆ: ವಕೀಲರೇ, ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ‘ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು’ ಅನ್ನುವುದು ಅಮೆರಿಕ ಸಂವಿಧಾನದ ಮಾತು ಅಂತ ಭಾಷಣಕ್ಕೆ ಬರೆದುಕೊಂಡಿದ್ದಾಳೆ. ಅದು ಸ್ವಾತಂತ್ರ್ಯ ಘೋಷಣೆಯದ್ದು ಅಂತ ನಾನು. ‘ಎರಡೂ ಒಂದೇ ಅಲ್ವಾ ಅಪ್ಪ?’ ಅಂತಾಳೆ. ಒಂದೇನಾ?

ಉತ್ತರ: ನಿಮ್ಮ ಮಾತೇ ಸರಿ ಸರ್. ಆದರೆ ಮಗಳನ್ನು ಬೈಯಬೇಡಿ. ಎರಡೂ ಫಿಲಡೆಲ್ಫಿಯಾದ ಒಂದೇ ಕಟ್ಟಡದಲ್ಲಿ ಆದವು. ಆರು ಜನ ಎರಡಕ್ಕೂ ಸಹಿ ಹಾಕಿದ್ದಾರೆ. ಘೋಷಣೆ 1776ರ ಜುಲೈ 4ರದ್ದು, ಸಂವಿಧಾನಕ್ಕೆ ಸಹಿ ಬಿದ್ದದ್ದು 1787ರ ಸೆಪ್ಟೆಂಬರ್ 17ಕ್ಕೆ. ಘೋಷಣೆ ಬರೆದ ಜೆಫರ್ಸನ್ ಆಗ ಫ್ರಾನ್ಸಿನಲ್ಲಿದ್ದರು.

ನನ್ನ ಹತ್ತಿರ ಬರುವುದು ಜಾಸ್ತಿ ಮನೆ ಪಾಲಿನ ಕೇಸುಗಳೇ, ಆ ಲೆಕ್ಕದಲ್ಲೇ ಹೇಳುತ್ತೇನೆ. ಮಗ ಬೇರೆ ಹೋಗುವಾಗ ಊರಿನ ನಾಲ್ಕು ಜನರನ್ನು ಸೇರಿಸಿ ‘ಅಪ್ಪ ಹೀಗೆಲ್ಲ ಮಾಡಿದ, ಇನ್ನು ನನಗೂ ಈ ಮನೆಗೂ ಸಂಬಂಧ ಇಲ್ಲ’ ಅಂತಾನಲ್ಲ, ಘೋಷಣೆ ಅಂದರೆ ಅದು. ಓದಿ ನೋಡಿ, ಆಗ ಅವರನ್ನು ಆಳುತ್ತಿದ್ದ ಬ್ರಿಟನ್ನಿನ ಮೂರನೇ ಜಾರ್ಜ್ ದೊರೆಯ ಮೇಲೆ ದೂರಿನ ಮೇಲೆ ದೂರು. ನಮ್ಮ ಒಪ್ಪಿಗೆ ಇಲ್ಲದೆ ತೆರಿಗೆ ಹಾಕಿದ, ಯುದ್ಧ ಇಲ್ಲದಾಗಲೂ ನಮ್ಮ ನಡುವೆ ಸೈನ್ಯ ಇಟ್ಟ, ಹೀಗೆ. ಬೇರೆ ಮನೆ ಹೂಡಿದ ಮೇಲೆ ದುಡ್ಡು ಯಾರ ಕೈಯಲ್ಲಿ, ಬೀಗದ ಕೈ ಯಾರ ಹತ್ತಿರ ಅಂತ ಬರೆದುಕೊಳ್ಳುವುದು ಸಂವಿಧಾನ. ಅದೇ ಸೈನ್ಯದ ವಿಷಯ ಇಲ್ಲಿ ಹೇಗೆ ಬಂದಿದೆ ಗೊತ್ತಾ? ಭೂಸೇನೆಯ ಖರ್ಚಿಗೆ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಒಂದು ಸಲಕ್ಕೆ 2 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಹಣ ಕೊಡುವ ಹಾಗಿಲ್ಲ. ಅಲ್ಲಿ ದೂರಾಗಿದ್ದು ಇಲ್ಲಿ ಕಟ್ಟಳೆಯಾಯಿತು.

ಸಮಾನತೆಯ ಕತೆ ಮಾತ್ರ ಬೇರೆ. 1787ರ ಸಂವಿಧಾನದಲ್ಲಿ ಆ ಸಾಲೇ ಇಲ್ಲ. ಸುಮ್ನೆ ಬಿಟ್ಟಿದ್ದರೂ ಆಗುತ್ತಿತ್ತು. ಅದರ ಬದಲು ರಾಜ್ಯಗಳಿಗೆ ಸಂಸತ್ತಿನ ಕೆಳಮನೆಯ ಸೀಟು ಹಂಚುವ ಲೆಕ್ಕದಲ್ಲಿ 5 ಗುಲಾಮರನ್ನು 3 ಜನ ಅಂತ ಎಣಿಸಿದರು, ಅದೂ ‘ಗುಲಾಮ’ ಅನ್ನುವ ಪದ ಎಲ್ಲೂ ಬರದ ಹಾಗೆ! ‘ಕಾನೂನಿನ ಸಮಾನ ರಕ್ಷಣೆ’ ಸಂವಿಧಾನದೊಳಗೆ ಬಂದದ್ದು 1868ರಲ್ಲಿ, 14ನೇ ತಿದ್ದುಪಡಿಯಲ್ಲಿ. ಇವತ್ತು ಅಲ್ಲಿ ಯಾರಾದರೂ ರಾಜ್ಯ ಸರ್ಕಾರದ ಮೇಲೆ ತಾರತಮ್ಯದ ಕೇಸು ಹಾಕಿದರೆ ವಕೀಲ ಹಿಡಿದುಕೊಳ್ಳುವುದು ಆ ತಿದ್ದುಪಡಿಯನ್ನು. ಘೋಷಣೆಯ ಸಾಲು ವಾದಕ್ಕೆ ಕಳೆ ಕೊಡುತ್ತದೆ, ಅದೊಂದನ್ನೇ ನಂಬಿ ಹೋದರೆ ಕೇಸು ನಿಲ್ಲುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ಹಾಗಾದರೆ ನಮ್ಮ ದೇಶದ ಘೋಷಣೆ ಯಾವುದು?

ಉತ್ತರ: ಒಳ್ಳೆ ಪ್ರಶ್ನೆ ಮೇಡಂ. ಹತ್ತಿರದ್ದು ಅಂದರೆ 1930ರ ಜನವರಿ 26ರಂದು ಊರೂರಲ್ಲಿ ಜನ ತೆಗೆದುಕೊಂಡ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ. ಆ ನೆನಪಿಗೇ 1950ರಲ್ಲಿ ಅದೇ ದಿನ ಸಂವಿಧಾನ ಜಾರಿಯಾಯಿತು. ಆದರೆ ಕಾಗದದ ಲೆಕ್ಕದಲ್ಲಿ 1947ರ ಸ್ವಾತಂತ್ರ್ಯ ಬಂದದ್ದು ಬ್ರಿಟಿಷ್ ಪಾರ್ಲಿಮೆಂಟ್ ಮಾಡಿದ ಕಾಯ್ದೆಯಿಂದ. ಅದು ನಮ್ಮವರಿಗೆ ಚುಚ್ಚದೆ ಇರುತ್ತದಾ? ನಮ್ಮ ಸಂವಿಧಾನದ ಕೊನೆಯ ವಿಧಿ, 395, ತೆಗೆದು ಓದಿ. ಆ ಕಾಯ್ದೆಯನ್ನೇ ರದ್ದು ಮಾಡಿದ್ದಾರೆ.