ಸ್ಟೇಜ್ ಮೇಲೆ ಕೀಬೋರ್ಡ್ ಸ್ಪ್ಲಿಟ್ ಜಾಗ ಬದಲಾಗುತ್ತಿದೆ, ಮನೆಯಲ್ಲಿ ಸರಿ ಇದೆ

ಸಿಂಧನೂರು ಸ್ವರ:
ಎಲ್ಲರಿಗೂ ನಮಸ್ಕಾರ. ಮೂರು ಕಾರ್ಯಕ್ರಮದಿಂದ ಇದೇ ತಲೆನೋವು. ಕೀಬೋರ್ಡ್‌ನಲ್ಲಿ ಎಡಗೈಗೆ ಸ್ಟ್ರಿಂಗ್ಸ್ (ಪಿಟೀಲು ಗುಂಪಿನ ಸದ್ದು), ಬಲಗೈಗೆ ಕೊಳಲು, ಅದರ ಮೇಲೆ ಜೊತೆಗೇ ಕೇಳುವಂತೆ ತೆಳುವಾಗಿ ಹಾರ್ಮೋನಿಯಂ ಲೇಯರ್. ಎಡಗೈ, ಬಲಗೈ ಸದ್ದು ಬೇರೆಯಾಗುವ ಜಾಗ, ಅಂದರೆ ಸ್ಪ್ಲಿಟ್, ಸಿ4 ಕೀ ಹತ್ತಿರ. ಮನೆಯಲ್ಲಿ ಎರಡು ಗಂಟೆ ನುಡಿಸಿದರೂ ಏನೂ ತಪ್ಪುವುದಿಲ್ಲ. ಮೊನ್ನೆ ಜಾತ್ರೆಯಲ್ಲಿ ಮೊದಲ ಅರ್ಧ ಚೆನ್ನಾಗಿಯೇ ಹೋಯಿತು. ಆಮೇಲೆ ಕೊಳಲಿನ ಬಿಟ್ ಹಿಡಿದರೆ ಸ, ರಿ, ಗ ಮೂರೂ ಸ್ಟ್ರಿಂಗ್ಸ್‌ನಲ್ಲಿ ಬಂದವು. ಮ ಸ್ವರದಿಂದ ಮೇಲೆ ಕೊಳಲು! ಹಾಡುತ್ತಿದ್ದ ಅಕ್ಕ ತಿರುಗಿ ನನ್ನ ಮುಖ ನೋಡಿದರು. ಆ ರಾತ್ರಿ ಊಟ ಸೇರಲಿಲ್ಲ. ಸೆಟ್ಟಿಂಗ್ ಎಲ್ಲ ಸರಿ ಇದೆ, ಹತ್ತು ಸಲ ನೋಡಿದ್ದೇನೆ.

ಬಳ್ಳಾರಿ ಸೌಂಡ್:
ಜನರೇಟರ್ ಮೇಲೆ ನಡೆದ ಕಾರ್ಯಕ್ರಮವಾ? ಹಾಗಾದರೆ ವೋಲ್ಟೇಜ್. ಅರ್ಧದ ತನಕ ಸರಿ, ಆಮೇಲೆ ಕೆಟ್ಟಿತು ಅಂದರೆ ಬೇರೆ ಕಾರಣವೇ ಬೇಡ. ಸ್ಟೇಜ್ ಲೈಟ್ ಎಲ್ಲ ಹತ್ತಿದಾಗ ವೋಲ್ಟೇಜ್ ಬೀಳುತ್ತದೆ. ಒಂದು ಯುಪಿಎಸ್ ಇಡಿ.

ಸಿರುಗುಪ್ಪ ಪೆಡಲ್:
ನನಗೆ ಸಸ್ಟೇನ್ ಪೆಡಲ್ (ಕೈ ಬಿಟ್ಟರೂ ಸ್ವರ ಆರದಂತೆ ಹಿಡಿಯುವುದು) ಮೇಲೆ ಅನುಮಾನ. ಪೆಡಲ್ ಒತ್ತಿದರೆ ಎಡಗೈ ಸ್ಟ್ರಿಂಗ್ಸ್ ಕೂಡ ಆರದೆ ಉಳಿದುಬಿಡುತ್ತದೆ, ಕೊಳಲು ಅದರಲ್ಲಿ ಮುಳುಗುತ್ತದೆ. ಸ್ಟ್ರಿಂಗ್ಸ್ ಪಾರ್ಟ್‌ಗೆ (ಒಂದೊಂದು ಸದ್ದೂ ಒಂದು ಪಾರ್ಟ್) ಹೋಲ್ಡ್ ಆಫ್ ಮಾಡಿ, ಪೆಡಲ್ ಅದನ್ನು ಹಿಡಿಯುವುದಿಲ್ಲ. ಇನ್ನೊಂದು ಮಾತು, ಕೆಲವು ಕೀಬೋರ್ಡ್‌ಗಳಲ್ಲಿ ಪೆಡಲ್ ಒತ್ತಿಕೊಂಡೇ ಸ್ವಿಚ್ ಆನ್ ಮಾಡಿದರೆ ಪೆಡಲ್ ಉಲ್ಟಾ ಕೆಲಸ ಮಾಡುತ್ತದೆ.

ಸಿಂಧನೂರು ಸ್ವರ:
ಅಣ್ಣ, ಪೆಡಲ್ ಅಲ್ಲ. ಒಂದೊಂದೇ ಕೀ ಒತ್ತಿ ನೋಡಿದೆ, ಸ ಒತ್ತಿದರೆ ಸ್ಟ್ರಿಂಗ್ಸ್ ಮಾತ್ರ ಬರುತ್ತದೆ. ಕೊಳಲು ಇಲ್ಲವೇ ಇಲ್ಲ.

ಬಳ್ಳಾರಿ ಸೌಂಡ್:
ವೋಲ್ಟೇಜ್ ಕಡಿಮೆ ಆದರೆ ಹೀಗೂ ಆಗಬಹುದು. ಮೊದಲು ಯುಪಿಎಸ್ ಇಟ್ಟು ನೋಡಿ, ಆಮೇಲೆ ಮಾತಾಡೋಣ.

ಮಾನ್ವಿ ಮೆಲೊಡಿ:
ಸಿ4 ಅಂದರೆ ಯಾವ ಸಿ? ಯಮಹಾದಲ್ಲಿ ನಡು ಸಿಗೆ ಸಿ3 ಅಂತಾರೆ. ನೀವು ಒಂದು ಆಕ್ಟೇವ್ (ಸ್ಥಾಯಿ) ಮೇಲೆ ಇಟ್ಟಿದ್ದೀರಿ.

ಸಿರುಗುಪ್ಪ ಪೆಡಲ್:
ರೋಲ್ಯಾಂಡ್‌ನಲ್ಲಿ ನಡು ಸಿ ಅಂದರೆ ಸಿ4. ಎಲ್ಲರೂ ಯಮಹಾ ನುಡಿಸುವುದಿಲ್ಲ.

ಮಾನ್ವಿ ಮೆಲೊಡಿ:
ನಾನು 15 ವರ್ಷದಿಂದ ನುಡಿಸುತ್ತಿದ್ದೇನೆ, ಸಿ3 ಅಂತಲೇ ಕಲಿತದ್ದು. ನನ್ನ ಹತ್ತಿರ ಈಗ ಎರಡು ಅಂತಸ್ತಿನ ಸ್ಟ್ಯಾಂಡ್ ಇದೆ. ಕೆಳಗೆ 88 ಕೀ, ಮೇಲೆ 61, ಪಕ್ಕದಲ್ಲಿ ನಿಜವಾದ ಹಾರ್ಮೋನಿಯಂ, ಅದಕ್ಕೆ ಬೇರೆ ಮೈಕ್. ಹಾರ್ಮೋನಿಯಂ ಲೇಯರ್ ಯಾಕೆ ಬೇಕು? ನಮ್ಮ ಕಡೆ ನಾಟಕ ನೋಡಿ ಬೆಳೆದ ಕಿವಿಗಳು, ಪೇಟಿ ಸದ್ದಿನ ವ್ಯತ್ಯಾಸ ಮೊದಲ ಸ್ವರದಲ್ಲೇ ಗೊತ್ತಾಗುತ್ತದೆ.

ಬಳ್ಳಾರಿ ಸೌಂಡ್:
ಪೇಟಿಗೆ ಯಾವ ಮೈಕ್ ಹಾಕಿದ್ದೀರಿ? ನನಗೆ ಯಾವಾಗಲೂ ಫೀಡ್‌ಬ್ಯಾಕ್ ಬರುತ್ತದೆ.

ಗಂಗಾವತಿ ಕೀಸ್:
ಪೇಟಿ ಮೈಕ್‌ಗೆ ಬೇರೆ ಚರ್ಚೆ ತೆರೆಯಿರಿ, ದಯವಿಟ್ಟು. ಮಿಡಿಯಲ್ಲಿ (ಕೀಬೋರ್ಡ್‌ಗಳು ಒಂದಕ್ಕೊಂದು ಸುದ್ದಿ ಕಳಿಸುವ ಭಾಷೆ) ನಡು ಸಿ 60ನೇ ನೋಟ್. ಹೆಸರು ಏನೇ ಇರಲಿ, ನಂಬರ್ ಅದೇ. ಸಿಂಧನೂರು ತಮ್ಮ, ಒಂದು ಪ್ರಶ್ನೆ. ಸ್ಟೇಜ್ ಮೇಲೆ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಮುಟ್ಟುತ್ತೀರಾ?

ಸಿಂಧನೂರು ಸ್ವರ:
ಅದು ಎಲ್ಲರೂ ಮಾಡುವುದೇ ಅಲ್ವಾ ಅಣ್ಣ? ನಾನು ಎಲ್ಲ ಹಾಡನ್ನೂ ಸಿಯಿಂದಲೇ ನುಡಿಸುತ್ತೇನೆ. ಮೊದಲು ಹಾಡುವ ಅಣ್ಣನ ಶ್ರುತಿ ಕರಿ ಒಂದು, +1 (ಒಂದು ಕೀ ಮೇಲೆ) ಇಡುತ್ತೇನೆ. ಆಮೇಲೆ ಅಕ್ಕನದು ಬಿಳಿ ಐದು, −5 (ಕರಿ ಕೀ ಸೇರಿ ಐದು ಕೀ ಕೆಳಗೆ). ನುಡಿಸುವುದು ಕೆಳಗಿನ ಮಾಸ್ಟರ್ ಕೀಬೋರ್ಡ್‌ನಲ್ಲಿ, ಸದ್ದು ಬರುವುದು ಸಿಂಥ್‌ನಿಂದ. ಮಾಸ್ಟರ್‌ನಲ್ಲಿ ಬಟನ್ ಇದೆ, ಅಲ್ಲೇ ಬದಲಿಸುತ್ತೇನೆ.

ಗಂಗಾವತಿ ಕೀಸ್:
ಕೆಳಗೆ ಬೇರೆ ಮಾಸ್ಟರ್ ಇದೆ ಅಂತ ಮೊದಲೇ ಹೇಳಬೇಕಿತ್ತು. ಕಾರಣ ಅಲ್ಲೇ ಇದೆ.

ಮಾಸ್ಟರ್‌ನಲ್ಲಿ −5 ಇಟ್ಟರೆ ಅದು ನೋಟ್ ನಂಬರನ್ನೇ ಬದಲಿಸಿ ಕಳಿಸುತ್ತದೆ. ನೀವು ಸ ಒತ್ತಿದಾಗ ಸಿಂಥ್‌ಗೆ ಸಿಗುವುದು 60 ಅಲ್ಲ, 55. ರಿ ಒತ್ತಿದರೆ 57, ಗ ಒತ್ತಿದರೆ 59. ಸಿಂಥ್‌ನಲ್ಲಿ ಕೊಳಲಿನ ಜಾಗ 60ರಿಂದ ಶುರು. ಹಾಗಾಗಿ ಈ ಮೂರೂ ಸ್ಟ್ರಿಂಗ್ಸ್‌ಗೆ ಹೋದವು. ಮ ಒತ್ತಿದಾಗ 60 ಬಂತು, ಕೊಳಲು ಬಂತು. ನೀವು ಬರೆದದ್ದು ಅಕ್ಷರಶಃ ಇದೇ. ಮೊದಲ ಅರ್ಧದಲ್ಲಿ +1 ಇತ್ತು. ಆಗ ಸ್ಪ್ಲಿಟ್ ಒಂದೇ ಕೀ ಎಡಕ್ಕೆ ಸರಿದಿತ್ತು, ನಿಮ್ಮ ಕೈಗೆ ಗೊತ್ತಾಗಲಿಲ್ಲ. ಮನೆಯಲ್ಲಿ ಸೊನ್ನೆ ಇಟ್ಟು ಅಭ್ಯಾಸ ಮಾಡುತ್ತೀರಿ, ಅದಕ್ಕೇ ಅಲ್ಲಿ ಸರಿ.

ಮಾಸ್ಟರ್‌ನ ಟ್ರಾನ್ಸ್‌ಪೋಸ್ ಸೊನ್ನೆಯಲ್ಲೇ ಬಿಡಿ. ಸಿಂಥ್ ಒಳಗೆ ಪ್ರತಿ ಪಾರ್ಟ್‌ನ ಕೋರ್ಸ್ ಟ್ಯೂನ್ −5 ಮಾಡಿ. ಆಗ ಕೀ ಜಾಗ ಹಾಗೇ ಇರುತ್ತದೆ, ಶ್ರುತಿ ಮಾತ್ರ ಇಳಿಯುತ್ತದೆ. ಕರಿ ಒಂದಕ್ಕೆ ಒಂದು, ಬಿಳಿ ಐದಕ್ಕೆ ಒಂದು ಬೇರೆ ಬೇರೆ ಸೇವ್ ಮಾಡಿಕೊಳ್ಳಿ. ಡ್ರಮ್ ಪಾರ್ಟ್ ಇದ್ದರೆ ಅದನ್ನು ಮುಟ್ಟಬೇಡಿ.

ಬಳ್ಳಾರಿ ಸೌಂಡ್:
ಆದರೂ ಜನರೇಟರ್ ಮೇಲೆ ಯುಪಿಎಸ್ ಇಲ್ಲದೆ ನುಡಿಸುವುದು ಅಪಾಯ. ಕಾರ್ಯಕ್ರಮದ ನಡುವೆ ಕೀಬೋರ್ಡ್ ಆಫ್ ಆಗಿ ಮತ್ತೆ ಆನ್ ಆದದ್ದನ್ನು ನಾನೇ ನೋಡಿದ್ದೇನೆ.

ಗಂಗಾವತಿ ಕೀಸ್:
ಅದು ನಿಜ. ಆದರೆ ವೋಲ್ಟೇಜ್ ಬಿದ್ದರೆ ಸ್ಪ್ಲಿಟ್ ಲೆಕ್ಕ ಹಾಕಿ ಐದು ಕೀ ಸರಿಯುವುದಿಲ್ಲ ಅಣ್ಣ.

ಸಿಂಧನೂರು ಸ್ವರ (ಆರು ದಿನದ ಮೇಲೆ):
ಅಣ್ಣ, ಕೈ ಮುಗಿಯುತ್ತೇನೆ. ಮನೆಯಲ್ಲಿ −5 ಇಟ್ಟು ನೋಡಿದೆ, ಸ, ರಿ, ಗ ಹಾಗೇ ಸ್ಟ್ರಿಂಗ್ಸ್ ಬಂತು. ಕೋರ್ಸ್ ಟ್ಯೂನ್ ಮಾಡಿದ ಮೇಲೆ ಸರಿಯಾಯಿತು. ನಾಲ್ಕು ಶ್ರುತಿಗೆ ನಾಲ್ಕು ಸೇವ್ ಮಾಡಿದ್ದೇನೆ. ಈಗ ಇನ್ನೊಂದು ತೊಂದರೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹಿಡಿದ ಸ್ಟ್ರಿಂಗ್ಸ್ ಟಪ್ ಅಂತ ಕಡಿಯುತ್ತದೆ. ಯುಗಳ ಹಾಡಿನಲ್ಲಿ ಅಣ್ಣ ಮುಗಿಸಿ ಅಕ್ಕ ಎತ್ತಿಕೊಳ್ಳುವ ಜಾಗದಲ್ಲಿ ಅದು ಕೇಳಿಸುತ್ತದೆ.

ಗಂಗಾವತಿ ಕೀಸ್:
ಎರಡು ಶ್ರುತಿಯನ್ನೂ ಒಂದೇ ಸೇವ್‌ನಲ್ಲಿ ಇಡಿ. ಅಣ್ಣನ ಶ್ರುತಿಯ ಮೂರು ಪಾರ್ಟ್ ಮಿಡಿ ಚಾನೆಲ್ (ಸುದ್ದಿ ಹೋಗುವ ದಾರಿ) 1ಕ್ಕೆ, ಅಕ್ಕನ ಶ್ರುತಿಯ ಇನ್ನು ಮೂರು ಚಾನೆಲ್ 2ಕ್ಕೆ. ಮಾಸ್ಟರ್‌ನಲ್ಲಿ ಚಾನೆಲ್ ಮಾತ್ರ ಬದಲಿಸಿ. ಹಳೆಯ ಸ್ವರ ತಾನಾಗಿ ಆರುತ್ತದೆ. ಕೀ ಒತ್ತಿಕೊಂಡೇ ಬದಲಿಸಬೇಡಿ, ಪೆಡಲ್ ಕೂಡ ಬಿಟ್ಟಿರಬೇಕು. ಕೆಲವು ಮಾಸ್ಟರ್‌ಗಳಲ್ಲಿ ಕೀ ಬಿಟ್ಟ ಸುದ್ದಿ ಹೊಸ ಚಾನೆಲ್‌ಗೆ ಹೋಗುತ್ತದೆ, ಹಳೆಯದರಲ್ಲಿ ಸ್ವರ ಆರದೆ ಕೇಳುತ್ತಲೇ ಇರುತ್ತದೆ.

ಸಿರುಗುಪ್ಪ ಪೆಡಲ್:
ಪೆಡಲ್ ಮಾತು ಕೊನೆಗೂ ಬಂತು. ಸ್ಟ್ರಿಂಗ್ಸ್‌ಗೆ ಹೋಲ್ಡ್ ಆಫ್ ಮಾಡಿದಿರಾ?

ಸಿಂಧನೂರು ಸ್ವರ:
ಮಾಡಿದೆ ಅಣ್ಣ, ಕೊಳಲು ಈಗ ಸ್ವಚ್ಛ ಕೇಳಿಸುತ್ತಿದೆ. ಚಾನೆಲ್ ವಿಷಯ ಗುರುವಾರ ಅಭ್ಯಾಸದಲ್ಲಿ ನೋಡಿ ಬರೆಯುತ್ತೇನೆ. ಅಕ್ಕನೂ ಬರುತ್ತಾರೆ.