ಅನಂತ್ ನಾಗ್ ರಾಜಕೀಯಕ್ಕೆ ಹೋಗಿದ್ದು ನಮಗೆ ನಷ್ಟವಾ?

ಹೊನ್ನಾವರದವ:
2025ರಲ್ಲಿ ಅನಂತ್ ನಾಗ್ ಅವರಿಗೆ ಪದ್ಮಭೂಷಣ ಬಂದಾಗಿನಿಂದ ಮನಸ್ಸಲ್ಲಿ ಒಂದು ಮಾತು ಕೊರೀತಾ ಇದೆ. 1994ರಲ್ಲಿ ಮಲ್ಲೇಶ್ವರದಿಂದ ಜನತಾದಳದ ಶಾಸಕರಾದರು. ಆಮೇಲೆ ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿ. ಗೆದ್ದಾಗ ವಯಸ್ಸು 46. ನಟನಿಗೆ ಅದು ಮಾಗುವ ವಯಸ್ಸು ಅಲ್ವಾ? ತಮ್ಮ ಶಂಕರ್ ಹುಟ್ಟಿದ್ದು ನಮ್ಮ ಹೊನ್ನಾವರದಲ್ಲಿ, 1990ರಲ್ಲೇ ಹೋಗಿಬಿಟ್ಟರು. ಉಳಿದ ಅಣ್ಣನ ವರ್ಷಗಳನ್ನು ವಿಧಾನಸೌಧ ತಿಂದಿತು ಅಂತ ನನಗೆ ಈಗಲೂ ಬೇಜಾರು.

ಶಿರಸಿ ಕಡೆಯವಳು:
ಒಪ್ಪೋದಿಲ್ಲ ಅಣ್ಣ. ಅವರು ಕುರ್ಚಿ ನೋಡಿ ಹೋದವರಲ್ಲ. ಸಿದ್ದಾಪುರ ದೊಡ್ಮನೆಯ ರಾಮಕೃಷ್ಣ ಹೆಗಡೆಯವರ ಕಾಲದಲ್ಲೇ ಅಣ್ಣ ತಮ್ಮ ಇಬ್ಬರೂ ಜನತಾ ಪಕ್ಷದ ಪರ ಪ್ರಚಾರಕ್ಕೆ ಇಳಿದಿದ್ದರು. ಹೆಗಡೆಯವರು 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ಆದವರು. ಅವರ ಸರ್ಕಾರ ತಂದ ಮಂಡಲ ಪಂಚಾಯ್ತಿಯಲ್ಲಿ ನಮ್ಮಪ್ಪ ಸದಸ್ಯ. ಸಭೆ ಇರುವ ದಿನ ಅಡಿಕೆ ಕೊಯ್ಲನ್ನೂ ಬಿಟ್ಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ಊರಿನ ಕೆಲಸ ಊರಲ್ಲೇ ತೀರ್ಮಾನ ಆಗ್ತದೆ ಅನ್ನೋ ಉಮೇದು ಅದು. ಅದೇ ಉಮೇದು ಒಬ್ಬ ನಟನಿಗೆ ಬಂದರೆ ತಪ್ಪೇನು?

ಕಾರವಾರ ಕಡಲು:
ಉಮೇದು ಸರಿ ಅಕ್ಕ, ಫಲ ಏನು? 2004ರಲ್ಲಿ ಚಾಮರಾಜಪೇಟೆಯಲ್ಲಿ ಎಸ್.ಎಂ. ಕೃಷ್ಣ ಅವರ ಎದುರು ಜೆಡಿಎಸ್‌ನಿಂದ ನಿಂತು ಸೋತರು. ಜನ ಸಿನಿಮಾಕ್ಕೆ ಚಪ್ಪಾಳೆ ಹೊಡೀತಾರೆ, ಓಟು ಬೇರೆ ಲೆಕ್ಕದಲ್ಲಿ ಹಾಕ್ತಾರೆ.

ಶಿರಸಿ ಕಡೆಯವಳು:
ಎದುರಿಗಿದ್ದವರು ಯಾರು ಹೇಳು! ಮುಖ್ಯಮಂತ್ರಿ ಆಗಿದ್ದವರು. ಸುಲಭದ ಕ್ಷೇತ್ರ ಹುಡುಕಿಕೊಂಡು ಹೋಗಲಿಲ್ಲ, ಅದನ್ನೂ ನೋಡಬೇಕು.

ಕುಮಟೆಯ ಮೊಮ್ಮಗ:
ನಾನು ಬೇರೆಯದೇ ಹೇಳ್ತೇನೆ. ನಮ್ಮಜ್ಜನಿಗೆ ಕೊನೆಯ ನಾಲ್ಕು ವರ್ಷ ಮರೆವಿನ ಕಾಯಿಲೆ. ಸಂಜೆ ಆದರೆ ಪಂಚೆ ಎತ್ತಿ ಕಟ್ಟಿ ದಣಪೆ ಹತ್ತಿರ ನಿಲ್ಲುತ್ತಿದ್ದರು. ‘ಅಂಕೋಲೆ ಬಸ್ ಹೋಯ್ತಾ?’ ಅಂತ ಕೇಳೋರು. ಹೋಯ್ತು ಅಂದರೆ ತಲೆ ಆಡಿಸಿ ಒಳಗೆ ಬರೋರು. ಐದು ನಿಮಿಷಕ್ಕೆ ಮತ್ತೆ ಅಲ್ಲೇ. 2016ರಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನೋಡಿದೆ. ಕಳೆದುಹೋಗುವ ಅಪ್ಪನ ಪಾತ್ರ ಅನಂತ್ ನಾಗ್ ಅವರದು. ನಮ್ಮಜ್ಜನ ಕಣ್ಣೇ ಅದು. ಏನೋ ನೆನಪಾಗಬೇಕು, ಆಗ್ತಾ ಇಲ್ಲ, ಆದರೆ ಎದುರಿಗಿದ್ದವರ ಮನಸ್ಸು ನೋಯಿಸಬಾರದು ಅನ್ನೋ ಮುಖ. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಚುನಾವಣೆ ಗೆದ್ದು, ಸೋತು, ನಾಯಕನ ಪಾತ್ರ ಬಿಟ್ಟುಕೊಟ್ಟು ಬಂದ ಮೇಲೆ ಮಾಡಿದ ಪಾತ್ರ ಅದು. ಆ ವರ್ಷಗಳು ಸುಮ್ನೆ ಹೋದವು ಅಂತ ನನಗಂತೂ ಅನಿಸೋದಿಲ್ಲ.

ಶಿರಾಲಿಯಿಂದ:
ಹೌದು ಮಾರಾಯ್ರೆ. ಅವರು ಚಿಕ್ಕವರಿದ್ದಾಗ ನಮ್ಮ ಚಿತ್ರಾಪುರ ಮಠದಲ್ಲಿ ಇದ್ದು ಓದಿದವರು. ಮನೆಮಾತು ಕೊಂಕಣಿ. ಮುಂಬೈಗೆ ಹೋಗಿ ಕೊಂಕಣಿ, ಮರಾಠಿ, ಕನ್ನಡ ನಾಟಕ ಎಲ್ಲ ಮಾಡಿದರು. ಗಟ್ಟಿ ದನಿ ಮಾಡದೆ ಮಾತಾಡೋದು ಅವರಿಗೆ ಮೊದಲಿಂದಲೂ ಇತ್ತು. ಅದನ್ನು ರಾಜಕೀಯ ಕಲಿಸಲೂ ಇಲ್ಲ, ಕೆಡಿಸಲೂ ಇಲ್ಲ.

ಹೊನ್ನಾವರದವ:
ಕುಮಟೆಯವರೇ, ನಿಮ್ಮಜ್ಜನ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕಾಗಲಿಲ್ಲ. ಆದರೂ ಆ ಐದು ವರ್ಷದ ಆಸೆ ನನಗೆ ಬಿಡ್ತಾ ಇಲ್ಲ. ಇಂಥ ಪಾತ್ರ ಇನ್ನೂ ಎರಡು ಜಾಸ್ತಿ ಸಿಗುತ್ತಿತ್ತೇನೋ.